ಡಬ್ಬಿ ಇದ್ದಿದ್ದಕ್ಕೆ ಉಳೀತು

ಅಮ್ಮ ಈ ಸಲ ಶಿವಮೊಗ್ಗದಿಂದ ಬಂದಾಗ ಅಪ್ಪೆಮಿಡಿ ಉಪ್ಪಿನಕಾಯಿ ತಂದಿದ್ರು, ಹಳೇ ಹಾರ್ಲಿಕ್ಸ್ ಗಾಜಿನ ಬಾಟ್ಲೀಲಿ. ಬಾಯಿಗೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಸೆಲ್ಲೋಟೇಪು, ಅದರ ಮೇಲೆ ಒಂದು ಹಳೇ ಟವೆಲ್ಲು, ಟವೆಲ್ ಮೇಲೆ ನಾನು ಸ್ಕೂಲಿಗೆ ಹೋಗ್ತಿದ್ದಾಗ ಅಮ್ಮ ಉಡ್ತಿದ್ದ ಒಂದು ನೂಲಿನ ಸೀರೆ, ಪೂರ್ತಿ ಐದೂವರೆ ಗಜ. ಬಾಟ್ಲಿಗೆ ಒಂದು ಗೀರೂ ಬಿದ್ದಿರ್ಲಿಲ್ಲ, ಒಂದು ತೊಟ್ಟು ಎಣ್ಣೇನೂ ಜಿನುಗಿರ್ಲಿಲ್ಲ. ಅದೇ ವಾರ ನಾನು ಆನ್‌ಲೈನಲ್ಲಿ ಆರು ಜ್ಯೂಸ್ ಗ್ಲಾಸ್ ಆರ್ಡರ್ ಮಾಡಿದ್ದೆ, ಬಾಕ್ಸ್ ಮೇಲೆಲ್ಲಾ ದೊಡ್ಡ ಕೆಂಪಕ್ಷರದಲ್ಲಿ ಹುಷಾರು ಹುಷಾರು ಅಂತ ಬರೆದಿತ್ತು, ಒಳಗೆ ಐದು ಚೂರು ಚೂರು. ಅಮ್ಮ ಏನೂ ಹೇಳ್ಲಿಲ್ಲ, ಆ ಬಾಕ್ಸನ್ನೂ ನನ್ನನ್ನೂ ಒಂದ್ಸಲ ನೋಡಿ ಒಳಗೆ ಹೋದ್ರು ಅಷ್ಟೇ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಅದಾದ ಮುಂದಿನ ಶನಿವಾರ ಅಮ್ಮನ್ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗಿದ್ದೆ. ನಾವಿರೋದು ಲಂಡನ್ನಿನ ಹೌನ್ಸ್ಲೋ ಕಡೆ, ಮೆಟ್ರೋದ ಪಿಕಡಿಲಿ ಲೈನಲ್ಲಿ ಕೂತ್ರೆ ಎಲ್ಲೂ ಬದಲಾಯಿಸದೆ ಸೌತ್ ಕೆನ್ಸಿಂಗ್‌ಟನ್ನಲ್ಲಿ ಇಳೀಬೋದು, ಮ್ಯೂಸಿಯಂ ಫ್ರೀ ಬೇರೆ, ಊರಿಂದ ಯಾರೇ ಬಂದ್ರೂ ಮಳೆ ಬಂದ್ರೆ ನಮ್ಮದು ಇದೇ ಪ್ರೋಗ್ರಾಮು. ಅಲ್ಲಿ ಒಂದು ಗಾಜಿನ ಲೋಟ ಇದೆ. ಈಡನ್‌ಹಾಲಿನ ಅದೃಷ್ಟ ಅಂತ ಅದರ ಹೆಸರು. ಲೋಟಕ್ಕೆ ಅದೃಷ್ಟ ಅಂತ ಹೆಸರಾ ಅಂತ ನಗ್ಬೇಡಿ, ಕತೆ ಇದೆ.

ಲೋಟ ಎತ್ತರ ಹದಿನಾರು ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ, ನಮ್ಮ ದೊಡ್ಡ ಮಜ್ಜಿಗೆ ಲೋಟದಷ್ಟು ಅಂದ್ಕೊಳ್ಳಿ. ಕೆಳಗೆ ಸಪೂರ, ಮೇಲೆ ಬಾಯಿ ಹತ್ರ ದತ್ತೂರಿ ಹೂವಿನ ತರ ಅರಳ್ಕೊಂಡಿದೆ. ಗಾಜಿಗೆ ತೆಳುವಾಗಿ ಒಂದು ಹಳದಿ ಛಾಯೆ, ಅದರ ಮೇಲೆ ನೀಲಿ, ಹಸಿರು, ಕೆಂಪು, ಬಿಳಿ ಎನಾಮಲ್ ಬಣ್ಣದಲ್ಲಿ ಬಳ್ಳಿ ಬಳ್ಳಿ ಸುತ್ಕೊಂಡಿರೋ ಡಿಸೈನು, ಮಧ್ಯೆ ಮಧ್ಯೆ ಚಿನ್ನ. ಇದನ್ನ ಮಾಡಿದ್ದು ಸಿರಿಯಾ ಅಥವಾ ಈಜಿಪ್ಟಲ್ಲಿ, 14ನೇ ಶತಮಾನದ ಮಧ್ಯಭಾಗದಲ್ಲಿ, ಅಂದ್ರೆ ಮಮ್ಲೂಕ್ ಸುಲ್ತಾನರ ಕಾಲ, ನಮ್ಮಲ್ಲಿ ಹಕ್ಕ ಬುಕ್ಕರು ವಿಜಯನಗರ ಕಟ್ತಾ ಇದ್ದ ಹೊತ್ತು. ಆರೂವರೆ ಶತಮಾನಕ್ಕೂ ಮೇಲಾಯ್ತು. ಒಂದು ಚೂರೂ ಒಡೆದಿಲ್ಲ. ಅಲ್ಲಿಗೆ ಹೋದ ಎಲ್ಲರೂ ಲೋಟ ನೋಡ್ತಾರೆ, ನಾನೂ ಮೊದಲೆರಡು ಸಲ ಅದನ್ನೇ ನೋಡಿದ್ದೆ. ಅಮ್ಮ ಮಾತ್ರ ಅದರ ಜೊತೆಗೆ ಬಂದಿರೋ ಚರ್ಮದ ಡಬ್ಬಿ ವಿಷಯ ಹೇಳಿದ ತಕ್ಷಣ ಅದನ್ನ ಹಿಡ್ಕೊಂಡ್ರು. "ಹಂಗಾದ್ರೆ ಅದಕ್ಕೇ ಉಳ್ದಿರೋದು ಕಣೇ. ಡಬ್ಬಿ ಇದ್ದಿದ್ದಕ್ಕೆ."

ಆಮೇಲೆ ಮನೆಗೆ ಬಂದು ಓದ್ತಾ ಓದ್ತಾ ನಂಗೆ ಅನ್ನಿಸ್ತು, ಅಮ್ಮ ಹೇಳಿದ್ದೇ ಇಡೀ ವಿಷಯದ ಬೀಗದ ಕೈ ಅಂತ. ನಾವು ಗಾಜು ಮಾಡಿದವನ್ನ ಹೊಗಳ್ತೀವಿ, ಕೊಂಡ ರಾಜನ ಹೆಸರು ಬರೀತೀವಿ, ಸುತ್ತಿ ಇಟ್ಟವರ ಬಗ್ಗೆ ಯಾರೂ ಏನೂ ಬರೆಯಲ್ಲ.

ಆ ಡಬ್ಬಿ ನೀರಲ್ಲಿ ಬೇಯಿಸಿ ಗಟ್ಟಿ ಮಾಡಿದ ಚರ್ಮದ್ದು, ಲೋಟದ ಆಕಾರಕ್ಕೇ ಅಳತೆ ಮಾಡಿ ಮಾಡಿದ್ದು, ಮುಚ್ಚಳದ ಮೇಲೆ ಯೇಸುವಿನ ಹೆಸರಿನ ಮೂರಕ್ಷರ ಇದೆ. ಅದು 15ನೇ ಶತಮಾನದ ಯೂರೋಪಿನ ಕೆಲಸ. ಅಂದ್ರೆ ಲೋಟ ಮಾಡಿ ನೂರು ವರ್ಷ ಆಗೋದ್ರೊಳಗೋ ಅಥವಾ ಅದರ ಆಸುಪಾಸಲ್ಲೋ ಸಮುದ್ರ ದಾಟಿ ಬಂದಿತ್ತು, ಬಂದ ಕಡೆ ಯಾರಿಗೋ ಇದು ಬರೀ ಲೋಟ ಅಲ್ಲ ಅಂತ ಅನ್ನಿಸಿತ್ತು, ಅವರು ಚರ್ಮದವನ ಹತ್ರ ಹೋಗಿ ದುಡ್ಡು ಕೊಟ್ಟು ಡಬ್ಬಿ ಮಾಡಿಸಿದ್ರು. ಮುಸಲ್ಮಾನ ರಾಜ್ಯದ ಕುಶಲಕರ್ಮಿ ಊದಿದ ಲೋಟಕ್ಕೆ ಯೇಸುವಿನ ಹೆಸರಿನ ಡಬ್ಬಿ, ಲೋಟಕ್ಕೇನೂ ತೊಂದ್ರೆ ಆಗ್ಲಿಲ್ಲ.

ಇನ್ನು ಕತೆ. ಇಂಗ್ಲೆಂಡಿನ ಉತ್ತರದಲ್ಲಿ ಕಂಬ್ರಿಯಾ ಅಂತ ಪ್ರದೇಶ, ಅಲ್ಲಿ ಈಡನ್ ಹಾಲ್ ಅನ್ನೋ ದೊಡ್ಡ ಮನೆ, ಮಸ್ಗ್ರೇವ್ ಅನ್ನೋ ಜಮೀನ್ದಾರರ ಮನೆತನ. ಮನೆ ಹತ್ರ ಸಂತ ಕತ್‌ಬರ್ಟನ ಹೆಸರಿನ ಬಾವಿ. ರಾತ್ರಿ ಆ ಬಾವಿ ಹತ್ರ ಯಕ್ಷಿಣಿಯರು ಕುಣೀತಿದ್ರಂತೆ, ಮನೆಯವರು ಯಾರೋ ಹೋಗಿ ಅಡ್ಡಿ ಮಾಡಿದಾಗ ಓಡಿಹೋದ್ರಂತೆ, ಓಡೋ ಗಡಿಬಿಡೀಲಿ ಈ ಲೋಟ ಬಿಟ್ಟುಹೋದ್ರಂತೆ, ಹೋಗ್ತಾ ಹೋಗ್ತಾ ಈ ಲೋಟ ಬಿದ್ರೆ ಒಡೆದ್ರೆ ಈಡನ್‌ಹಾಲಿನ ಅದೃಷ್ಟ ಮುಗೀತು ಅಂತ ಕೂಗಿದ್ರಂತೆ. ನಮ್ಮೂರ ಕಡೆ ಕೆರೆಗಳು ಕಾರ್ಯದ ಮನೆಗೆ ಪಾತ್ರೆ ಕೊಡ್ತಿದ್ವು, ಯಾರೋ ದುರಾಸೆಗೆ ಒಂದು ಪಾತ್ರೆ ವಾಪಸ್ ಕೊಡ್ಲಿಲ್ಲ, ಅವತ್ತಿಂದ ನಿಂತುಹೋಯ್ತು ಅಂತ ಅಜ್ಜಿಯರು ಹೇಳ್ತಿದ್ರಲ್ಲ, ಅದೇ ಜಾತಿ ಕತೆ. ಅಮ್ಮಂಗೆ ಈ ಭಾಗ ವಿವರಿಸೋ ಕಷ್ಟಾನೇ ಬೀಳ್ಲಿಲ್ಲ.

ಲೋಟದ ಉಲ್ಲೇಖ ಮೊದಲು ಸಿಗೋದು 1677ರಲ್ಲಿ ಸರ್ ಫಿಲಿಪ್ ಮಸ್ಗ್ರೇವ್ ಬರೆಸಿದ ಉಯಿಲಲ್ಲಿ. ಅದಾದ್ಮೇಲೆ 18ನೇ ಶತಮಾನದಲ್ಲಿ ವಾರ್ಟನ್ ಡ್ಯೂಕ್ ಅಂತ ಒಬ್ಬ ಕುಡುಕ ಸಾಹೇಬ ಈ ಲೋಟದಲ್ಲಿ ಕುಡಿದು ಮೇಲಕ್ಕೆ ಎಸೆದು ಹಿಡ್ಕೊಳ್ತಿದ್ನಂತೆ, ಒಂದ್ಸಲ ಕೈ ತಪ್ಪಿದಾಗ ಮನೆಯ ಬಟ್ಲರ್ ಓಡಿಬಂದು ಕರವಸ್ತ್ರದಲ್ಲಿ ಹಿಡಿದ್ನಂತೆ. ನಿಜಾನೋ ಸುಳ್ಳೋ, ಆ ಬಟ್ಲರ್ ಹೆಸರು ಕೂಡ ಯಾರೂ ಬರೆದಿಟ್ಟಿಲ್ಲ ನೋಡಿ. 1834ರಲ್ಲಿ ಒಬ್ಬ ಜರ್ಮನ್ ಕವಿ ಈ ಕತೆ ಕೇಳಿ ಲಾವಣಿ ಬರೆದ, ಅದ್ರಲ್ಲಿ ಲೋಟ ಒಡೆದೇ ಹೋಗುತ್ತೆ, ಶತ್ರುಗಳು ನುಗ್ತಾರೆ, ಮನೆ ಹಾಳಾಗುತ್ತೆ. ನಿಜವಾಗಿ ಆಗಿದ್ದು ಪೂರ್ತಿ ಉಲ್ಟಾ. ಲೋಟವನ್ನ 1926ರಲ್ಲಿ ಮ್ಯೂಸಿಯಮ್ಮಿಗೆ ಇಟ್ಕೊಳ್ಳೋಕೆ ಕೊಟ್ರು, 1934ರಲ್ಲಿ ಈಡನ್ ಹಾಲ್ ಮನೇನ ಕೆಡವಿ ಹಾಕಿದ್ರು, 1958ರಲ್ಲಿ ಮ್ಯೂಸಿಯಂ ಲೋಟಾನ ಕೊಂಡುಕೊಳ್ತು. ಕಲ್ಲಿನ ಮನೆ ಹೋಯ್ತು, ಗಾಜಿನ ಲೋಟ ಇದೆ. ಯಕ್ಷಿಣಿಯರು ಷರತ್ತನ್ನ ತಿರುವಿ ಹಾಕಿ ಹೇಳ್ಬೇಕಿತ್ತೇನೋ.

ಮಾಡೋ ವಿಧಾನ ಓದಿದಾಗ ನಂಗೆ ಇನ್ನೊಂದು ತರದ ಆಶ್ಚರ್ಯ ಆಯ್ತು, ಯಾಕಂದ್ರೆ ಇದು ಒಡೆಯೋಕೆ ನೆಲಕ್ಕೇ ಬೀಳ್ಬೇಕು ಅಂತಿಲ್ಲ, ಮಾಡೋವಾಗಲೇ ಹಾಳಾಗೋಕೆ ಹತ್ತು ದಾರಿ. ಗಾಜಿಗೆ ಬೇಕಾಗಿದ್ದು ಮರಳು ಅಥವಾ ಬೆಣಚುಕಲ್ಲಿನ ಪುಡಿ, ಅದು ಕರಗೋಕೆ ಕ್ಷಾರ. ರೋಮನ್ನರು ಈಜಿಪ್ಟಿನ ಸರೋವರಗಳಿಂದ ಬರೋ ನೇಟ್ರಾನ್ ಅನ್ನೋ ಖನಿಜ ಹಾಕ್ತಿದ್ರು, ಸುಮಾರು 9ನೇ ಶತಮಾನದ ಹೊತ್ತಿಗೆ ಅದು ಬಿಟ್ಟು ಉಪ್ಪುನೆಲದಲ್ಲಿ ಬೆಳೆಯೋ ಗಿಡಗಳನ್ನ ಸುಟ್ಟು ಬೂದಿ ಮಾಡಿ ಹಾಕೋದು ಶುರುವಾಯ್ತು. ಆ ಬೂದಿಗೆ ಅರಬ್ಬೀಲಿ ಅಲ್ ಕಲಿ ಅಂತಾರೆ, ನಾವು ಕೆಮಿಸ್ಟ್ರೀಲಿ ಉರು ಹೊಡೆದ ಆಲ್ಕಲಿ ಬಂದಿದ್ದು ಅಲ್ಲಿಂದಾನೇ. ನಮ್ಮಲ್ಲೂ ಚೌಳು ಮಣ್ಣಿನಿಂದ ಕ್ಷಾರ ತೆಗೆದು ಗಾಜು ಮಾಡ್ತಿದ್ರು, ಚಿತ್ರದುರ್ಗದ ಕಡೆ ಮತ್ತೋಡಿನ ಬಳೆ ಕುಲುಮೆಗಳನ್ನ 1800ರ ಹೊತ್ತಿಗೆ ಬುಕಾನನ್ ಸಾಹೇಬ ಬಂದು ನೋಡಿ ಬರ್ಕೊಂಡು ಹೋಗಿದಾನೆ. ನಮ್ಮ ಗಾಜು ಬಳೆಯಾಯ್ತು, ಅವರದು ಲೋಟ, ದೀಪ, ಹೂಜಿ ಆಯ್ತು.

ಸರಿ, ಗಾಜು ಊದಿ ಲೋಟ ಆಯ್ತು, ನಿಧಾನಕ್ಕೆ ತಣ್ಣಗಾಯ್ತು. ಈಗ ಬಣ್ಣ. ಈ ಎನಾಮಲ್ ಬಣ್ಣ ಅಂದ್ರೇನೂ ಗಾಜೇ, ಪುಡಿ ಮಾಡಿದ ಬಣ್ಣದ ಗಾಜು, ಅಂಟು ತರದ್ದೇನೋ ಒಂದರಲ್ಲಿ ಕಲಸಿ ಕುಂಚದಲ್ಲಿ ಬರೆಯೋದು. ನೀಲಿಗೆ ಕೋಬಾಲ್ಟು, ಕೆಲವು ಪಾತ್ರೆಗಳಲ್ಲಿ ಅಫ್ಘಾನಿಸ್ತಾನದಿಂದ ಬರೋ ಲಾಜವರ್ದ ಕಲ್ಲನ್ನೇ ಅರೆದು ಹಾಕಿದಾರೆ. ಬಿಳಿಗೆ ತವರದ ಬೂದಿ, ಕೆಂಪಿಗೆ ಕಬ್ಬಿಣ. ಮೊದಲು ಚಿನ್ನ, ಅದಕ್ಕೆ ಕೂದಲೆಳೆ ದಪ್ಪದ ಕೆಂಪು ಗೆರೆ, ಗೆರೆ ಒಳಗೆ ಬಣ್ಣ. ಇಲ್ಲಿವರೆಗೂ ರಂಗೋಲಿ ಕೈ ಇರೋರು ಯಾರಾದ್ರೂ ಮಾಡ್ಬೋದು ಅಂದ್ಕೊಳ್ಳಿ. ಆಮೇಲೆ ಅದನ್ನ ವಾಪಸ್ ಬೆಂಕಿಗೆ ಇಡ್ಬೇಕು! ಬಣ್ಣದ ಗಾಜು ಕರಗಿ ಲೋಟಕ್ಕೆ ಅಂಟಬೇಕು, ಆದ್ರೆ ಲೋಟ ಕರಗಬಾರದು, ಎರಡೂ ಗಾಜೇ. ಮೊದಲು ಮೆಲ್ಲಗೆ ಬಿಸಿ ಮಾಡಿ, ಲೋಟದ ಅಡಿಗೆ ಮತ್ತೆ ಒಂದು ಕಬ್ಬಿಣದ ಸರಳು ಅಂಟಿಸಿ, ಕುಲುಮೆ ಬಾಯಲ್ಲಿ ಹಿಡ್ಕೊಂಡು ತಿರುಗಿಸ್ತಾನೇ ಇರ್ಬೇಕು, ಒಂದು ಕ್ಷಣ ತಿರುಗಿಸೋದು ನಿಲ್ಲಿಸಿದ್ರೆ ಸೊಟ್ಟ. ಎಷ್ಟೋ ಪಾತ್ರೆಗಳ ಅಡೀಲಿ ಸರಳು ಅಂಟಿಸಿದ ಗುರುತು ಎರಡೆರಡು ಸಲ ಇರೋದು ನೋಡೇ ಈಗಿನ ಗಾಜಿನ ಕೆಲಸದವರು ಇದನ್ನೆಲ್ಲಾ ಕಂಡುಹಿಡಿದಿದ್ದು. ದೋಸೆ ಕಾವಲಿ ಮೇಲೆ ಬೆಣ್ಣೆ ಕರಗಬೇಕು ಆದ್ರೆ ದೋಸೆ ಸೀಯಬಾರದು ಅನ್ನೋ ತರ ಅಂತ ನಾನು ಅಮ್ಮಂಗೆ ಹೇಳ್ದೆ, ಅಮ್ಮ "ಅದೇನು ಕಷ್ಟ" ಅಂದ್ರು, ಉದಾಹರಣೆ ತಪ್ಪಾಯ್ತು.

ಮ್ಯೂಸಿಯಮ್ಮಲ್ಲಿ ಅಮ್ಮ ಜಾಸ್ತಿ ಹೊತ್ತು ನಿಂತಿದ್ದು ಮಸೀದಿ ದೀಪಗಳ ಮುಂದೆ. ಇವು ನೋಡೋಕೆ ದೀಪದ ತರ ಇಲ್ವೇ ಇಲ್ಲ, ದುಂಡು ಹೊಟ್ಟೆ, ಮೇಲೆ ಆಲಿಕೆ ತರ ಅರಳಿರೋ ಕತ್ತು, ಸುತ್ತ ಕಿವಿ ಕಿವಿ, ಆ ಕಿವಿಗಳಿಗೆ ಸರಪಳಿ ಹಾಕಿ ಚಾವಣಿಯಿಂದ ತೂಗು ಹಾಕೋದು. ಎಣ್ಣೆ ಬತ್ತಿ ಇದರೊಳಗೆ ಇನ್ನೊಂದು ಪುಟ್ಟ ಗಾಜಿನ ಬಟ್ಟಲಲ್ಲಿ. ಕತ್ತಿನ ಮೇಲೆ ಸಾಮಾನ್ಯವಾಗಿ ಕುರಾನಿನ 24ನೇ ಅಧ್ಯಾಯದ ಬೆಳಕಿನ ಸಾಲು ಬರೆದಿರ್ತಾರೆ. ದೇವರೇ ಭೂಮಿ ಆಕಾಶಗಳ ಬೆಳಕು, ಆ ಬೆಳಕು ಗೂಡಲ್ಲಿಟ್ಟ ದೀಪದ ಹಾಗೆ, ದೀಪ ಗಾಜಿನೊಳಗಿದೆ, ಗಾಜು ಹೊಳೆಯೋ ನಕ್ಷತ್ರದ ಹಾಗಿದೆ, ಈ ಅರ್ಥ ಬರೋ ಸಾಲು. ಗಾಜಿನ ದೀಪದ ಮೇಲೆ ಗಾಜಿನ ದೀಪದ ಬಗ್ಗೆ ಇರೋ ಮಾತನ್ನೇ ಬರೆಯೋದು. ಕೆಳಗೆ ಹೊಟ್ಟೆ ಮೇಲೆ ಸುಲ್ತಾನನ ಹೆಸರು, ಅಲ್ಲಿ ಕೆಲಸ ತಿರುವು ಮುರುವು, ಅಕ್ಷರ ಖಾಲಿ ಬಿಟ್ಟು ಸುತ್ತ ನೀಲಿ ತುಂಬಿರ್ತಾರೆ, ಹಾಗಾಗಿ ದೀಪ ಹಚ್ಚಿದಾಗ ಬೆಳಕು ಸುಲ್ತಾನನ ಹೆಸರಿನ ಅಕ್ಷರಗಳ ಮೂಲಕಾನೇ ಹೊರಗೆ ಬರುತ್ತೆ. ಜಾಣರು. ಕೈರೋದ ಸುಲ್ತಾನ್ ಹಸನ್ ಮಸೀದಿ 1356ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಅಲ್ಲಿಗೆ ಅಂತ ಇಂಥ ದೀಪ ರಾಶಿ ರಾಶಿ ಮಾಡಿಸಿದ್ರು, ಉಳಿದಿದ್ದರಲ್ಲಿ ಬಹುಪಾಲು ಈಗ ಕೈರೋದ ಇಸ್ಲಾಮಿಕ್ ಕಲೆಯ ಮ್ಯೂಸಿಯಮ್ಮಲ್ಲಿದೆ. ಬೇರೆ ಮಸೀದಿಗಳ ದೀಪ 19ನೇ ಶತಮಾನದಲ್ಲಿ ಒಂದೊಂದೇ ಇಳಿದು ಯೂರೋಪಿನ ಶ್ರೀಮಂತರ ಡ್ರಾಯಿಂಗ್ ರೂಮಿಗೆ ಬಂದ್ವು. ಪ್ಯಾರಿಸ್ಸಿನ ಬ್ರೊಕಾರ್ ಅನ್ನೋನು ಹಳೇ ದೀಪ ನೋಡಿ ನೋಡಿ ಆ ವಿದ್ಯೆ ಕಲಿತು 1867ರ ಪ್ರದರ್ಶನದಲ್ಲಿ ತಾನೇ ಮಾಡಿದ್ದನ್ನ ಇಟ್ಟ, ಅದೂ ಒಳ್ಳೇ ಕೆಲಸಾನೇ.

ಅಮ್ಮ ದೀಪದ ಕೆಳಗಿನ ಬಲ್ಬು ನೋಡಿ "ಇದನ್ನ ಇವರು ಹಚ್ಚೋದೇ ಇಲ್ವಾ" ಅಂದ್ರು. ಹಚ್ಚಲ್ಲಮ್ಮ, ಆರಿಸಿ ನೂರಾರು ವರ್ಷ ಆಯ್ತು ಅಂದೆ. "ಆರಿಸಿ ಅನ್ಬಾರ್ದು, ದೊಡ್ಡದು ಮಾಡಿ ಅನ್ಬೇಕು" ಅಂತ ಬೈಸ್ಕೊಂಡೆ. ಲಂಡನ್ನಿಗೆ ಬಂದ್ರೂ ಇದು ತಪ್ಪಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ತುಕುಜ್‌ತಿಮುರ್ ಅನ್ನೋ ಅಮೀರನ ದೀಪ ಇದೆ, ಅದರ ಮೇಲೆ ಒಂದು ಬಟ್ಟಲಿನ ಚಿತ್ರ, ಮೇಲೆ ಒಂದು ಹದ್ದು. ಬಟ್ಟಲು ಯಾಕೆ ಅಂದ್ರೆ ಆತ ಸುಲ್ತಾನನಿಗೆ ಕುಡಿಯೋಕೆ ಕೊಡೋ ಕೆಲಸದಲ್ಲಿದ್ದೋನು. ಮಮ್ಲೂಕರಲ್ಲಿ ಈ ಅಮೀರರೆಲ್ಲಾ ಚಿಕ್ಕ ವಯಸ್ಸಲ್ಲಿ ಗುಲಾಮರಾಗಿ ಬಂದು ಅರಮನೆ ಚಾಕರಿ ಮಾಡಿ ಮೇಲೆ ಬಂದೋರು, ಮೇಲೆ ಬಂದ್ಮೇಲೆ ಆ ಹಳೇ ಚಾಕರಿಯ ಗುರುತನ್ನ ಮುಚ್ಚಿಡ್ಲಿಲ್ಲ, ಮಸೀದಿ ದೀಪದ ಮೇಲೆ ಬಣ್ಣದಲ್ಲಿ ಬರೆಸ್ಕೊಂಡ್ರು. ಲೋಟ ಹಿಡಿದೋನಿಗೆ ಲೋಟ, ಬಿಲ್ಲು ಹಿಡಿದೋನಿಗೆ ಬಿಲ್ಲು, ಪೋಲೋ ಕೋಲು ಹಿಡಿದೋನಿಗೆ ಕೋಲು. ಇದು ನಂಗೆ ಭಾರೀ ಇಷ್ಟ ಆಯ್ತು, ನಮ್ಮಲ್ಲಿ ಯಾರಾದ್ರೂ ದೊಡ್ಡ ಮನುಷ್ಯ ಆದ್ಮೇಲೆ ಮೊದಲು ಮಾಡೋದೇ ಹಳೇ ಕೆಲಸ ಮರೆಸೋದು.

ಯೂರೋಪಿಗೆ ಬಂದ ಗಾಜುಗಳ ಕತೆಗೆ ವಾಪಸ್ ಬರ್ತೀನಿ. ಫ್ರಾನ್ಸಿನ ಶಾರ್ತ್ರ್ ಊರಲ್ಲಿ ಷಾರ್ಲಮೇನನ ಲೋಟ ಅಂತ ಒಂದಿದೆ, ಬಾಗ್ದಾದಿನ ಹಾರೂನ್ ಅಲ್ ರಶೀದ್ ಆ ಚಕ್ರವರ್ತಿಗೆ ಕಳಿಸಿದ ಉಡುಗೊರೆ ಅಂತ ನಂಬಿಕೆ. ಷಾರ್ಲಮೇನ್ ಸತ್ತಿದ್ದು 814ರಲ್ಲಿ, ಲೋಟ 1200ರ ಆಸುಪಾಸಿನದು! ನಾನೂರು ವರ್ಷ ಆಚೀಚೆ, ಆದ್ರೇನು, ಆ ಹೆಸರಿದ್ದಿದ್ದಕ್ಕೇ ಯಾರೂ ಅದನ್ನ ದಿನಾ ಕುಡಿಯೋಕೆ ಬಳಸ್ಲಿಲ್ಲ, ಉಳೀತು. ಬ್ರಿಟಿಷ್ ಮ್ಯೂಸಿಯಮ್ಮಿನ ಪಾಮರ್ ಕಪ್ ಮೇಲೆ ಮದ್ಯ ಹೊಗಳೋ ಅರಬ್ಬಿ ಪದ್ಯ ಇದೆ, ಫ್ರಾನ್ಸಲ್ಲಿ ಅದಕ್ಕೊಂದು ಲೋಹದ ಪಾದ ಕೂರಿಸಿ ಪೂಜ್ಯ ವಸ್ತು ತರ ಮಾಡಿದಾರೆ, ಏನು ಬರೆದಿದೆ ಅಂತ ಓದೋಕೆ ಬಂದಿದ್ರೆ ಏನು ಮಾಡ್ತಿದ್ರೋ. ಇನ್ನೊಂದು ಜಾತಿ ಹೆಡ್ವಿಗ್ ಲೋಟಗಳು, ಇವಕ್ಕೆ ಬಣ್ಣ ಇಲ್ಲ, ದಪ್ಪ ಗಾಜನ್ನ ಸಾಣೆ ಚಕ್ರದಲ್ಲಿ ಕೆತ್ತಿ ಸಿಂಹ, ಹದ್ದು, ರೆಕ್ಕೆ ಇರೋ ಸಿಂಹ ಬಿಡಿಸಿದಾರೆ. ಇಡಿಯಾಗಿ ಉಳಿದಿರೋದು ಹದಿನಾಲ್ಕರಷ್ಟು. ಎಲ್ಲಿ ಮಾಡಿದ್ದು ಅಂತ ಪಂಡಿತರು ನೂರು ವರ್ಷದಿಂದ ಜಗಳ ಆಡ್ತಿದಾರೆ, ಈಜಿಪ್ಟ್ ಅಂತ ಕೆಲವರು, ಸಿಸಿಲಿ ಅಂತ ಕೆಲವರು. ಹೆಡ್ವಿಗ್ ಅಂದ್ರೆ ಈಗಿನ ಪೋಲೆಂಡ್ ಕಡೆಯ ಸೈಲೀಷಿಯಾದ ಡ್ಯೂಕನ ಹೆಂಡತಿ, ತೀರ್ಕೊಂಡಿದ್ದು 1243ರಲ್ಲಿ, ಆಮೇಲೆ ಸಂತಳಾದ್ಳು. ಆಕೆ ಬರೀ ನೀರು ಕುಡೀತಾಳೆ ಅಂತ ಗಂಡಂಗೆ ಸಿಟ್ಟು, ಒಂದಿನ ಲೋಟ ಕಿತ್ಕೊಂಡು ಕುಡಿದು ನೋಡಿದ್ರೆ ನೀರು ವೈನ್ ಆಗಿತ್ತಂತೆ. ಈ ಪವಾಡದ ಹೆಸರಲ್ಲಿ ಕೆಲವು ಲೋಟಗಳಿಗೆ ಬೆಳ್ಳಿ ಕಟ್ಟು ಹಾಕಿ ಸಂತರ ಮೂಳೆ ಇಡೋ ಕರಂಡ ಮಾಡ್ಕೊಂಡ್ರು. ಚೀನಾದಲ್ಲೂ ಇದೇ, ಶಾನ್‌ಶಿಯ ಫಾಮೆನ್ ದೇವಸ್ಥಾನದ ಸ್ತೂಪದ ಕೆಳಗಿನ ನೆಲಮಾಳಿಗೆಯನ್ನ 874ರಲ್ಲಿ ಮುಚ್ಚಿದ್ರು, 1987ರಲ್ಲಿ ತೆಗೆದಾಗ ಬುದ್ಧನ ಬೆರಳಿನ ಮೂಳೆ ಅಂತ ಪೂಜೆ ಮಾಡೋ ಅವಶೇಷದ ಜೊತೆ ಇಪ್ಪತ್ತರಷ್ಟು ಗಾಜಿನ ಪಾತ್ರೆ ಸಿಕ್ವು, ಬಹಳಷ್ಟು ಇಸ್ಲಾಮಿಕ್ ದೇಶಗಳ ಕಡೆಯವು. ಹನ್ನೊಂದು ನೂರು ವರ್ಷ ಕತ್ತಲಲ್ಲಿ ಹಾಗೇ ಕೂತಿದ್ವು. ಒಟ್ನಲ್ಲಿ ಹೊರಗಿನ ಊರುಗಳಲ್ಲಿ ಜನ ಇವನ್ನ ಯಕ್ಷಿಣಿಗೆ ಕೊಟ್ರು, ಸಂತಳಿಗೆ ಕೊಟ್ರು, ಬುದ್ಧನಿಗೆ ಕೊಟ್ರು, ಹಾಗಾಗಿ ಅಡುಗೆಮನೆಗೆ ಹೋಗೋದು ತಪ್ಪಿತು.

ನಮ್ಮ ಕಡೆಗೆ ಬಂದಿದ್ವಾ ಅನ್ನೋ ಪ್ರಶ್ನೆ ನಂಗೆ ಬಂದೇ ಬರುತ್ತಲ್ಲ. 1258ರಲ್ಲಿ ಪರ್ಷಿಯನ್ ಕವಿ ಸಾದಿ ತನ್ನ ಗುಲಿಸ್ತಾನದಲ್ಲಿ ಕೀಷ್ ದ್ವೀಪದ ಒಬ್ಬ ವ್ಯಾಪಾರಿ ಬಗ್ಗೆ ಹೇಳ್ತಾನೆ. ಆ ಮನುಷ್ಯ ರಾತ್ರಿಯಿಡೀ ಕೊರೀತಾನೆ, ಇನ್ನೊಂದೇ ಒಂದು ಟ್ರಿಪ್ಪು ಆಮೇಲೆ ರಿಟೈರ್ ಆಗ್ತೀನಿ ಅಂತ. ಪರ್ಷಿಯಾದ ಗಂಧಕ ಚೀನಾಗೆ, ಚೀನಾದ ಪಿಂಗಾಣಿ ರೂಮಿಗೆ (ಅಂದ್ರೆ ಈಗಿನ ಟರ್ಕಿ ಕಡೆಗೆ), ರೂಮಿನ ರೇಷ್ಮೆ ಹಿಂದೂಸ್ಥಾನಕ್ಕೆ, ಹಿಂದೂಸ್ಥಾನದ ಉಕ್ಕು ಅಲೆಪ್ಪೋಗೆ, ಅಲೆಪ್ಪೋದ ಗಾಜು ಯೆಮನ್ನಿಗೆ. ಉಕ್ಕು ಹೋಗೋ ಊರಿಂದಾನೇ ಗಾಜು ಬರೋದು ನೋಡಿ. ಆ ಉಕ್ಕಿಗೆ ಇಂಗ್ಲಿಷಿನವರು ವೂಟ್ಜ್ ಅಂತಾರಲ್ಲ, ಅದು ನಮ್ಮ ಉಕ್ಕು ಪದಾನೇ ಅಂತಾರೆ. ಯೆಮನ್ನಿನ ರಸೂಲಿದ್ ಸುಲ್ತಾನರು ಐದೆಸಳಿನ ಹೂವಿನ ಗುರುತು ಹಾಕಿಸಿ ಮಮ್ಲೂಕ್ ರಾಜ್ಯದಿಂದ ಎನಾಮಲ್ ಗಾಜು ತರಿಸ್ಕೊಂಡಿದ್ದು ಉಳಿದಿದೆ, ಕವಿ ಸುಮ್ನೆ ಪ್ರಾಸಕ್ಕೆ ಹೇಳಿದ್ದಲ್ಲ.

ಇನ್ನೂ ಹತ್ತಿರದ್ದು ಅಂದ್ರೆ ಮಂಗಳೂರು. ಅಬ್ರಹಾಂ ಬೆನ್ ಯಿಜು ಅಂತ ಟ್ಯುನೀಶಿಯಾ ಕಡೆಯ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ ನಮ್ಮ ಮಂಗಳೂರಲ್ಲಿದ್ದ, ಇಲ್ಲೇ ಹೆಂಡತಿ ಮಕ್ಕಳು, ಇಲ್ಲೇ ಹಿತ್ತಾಳೆ ಕಂಚಿನ ಕಾರ್ಖಾನೆ. ಅವನ ಕಾಗದ ಪತ್ರಗಳು ಕೈರೋದ ಹಳೇ ಯಹೂದಿ ಮಂದಿರದ ಉಗ್ರಾಣದಲ್ಲಿ ಉಳಿದಿದ್ವು. ಯೆಮನ್ನಿನ ಏಡನ್ ಬಂದರಿನ ಸ್ನೇಹಿತರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಎಲ್ಲಾ ಹಡಗಲ್ಲಿ ಕಳಿಸ್ತಿದ್ರು, ಈ ಪತ್ರಗಳನ್ನ ಓದಿದ ವಿದ್ವಾಂಸರು ಆ ಕಡೆಯಿಂದ ಭಾರತಕ್ಕೆ ಬರ್ತಿದ್ದ ಸಾಮಾನಿನ ಪಟ್ಟೀಲಿ ಗಾಜಿನ ಪಾತ್ರೇನೂ ಸೇರಿಸ್ತಾರೆ. ಮುಂಗಾರು ಗಾಳಿ ಹೊಡೆತಕ್ಕೆ ಅರಬ್ಬೀ ಸಮುದ್ರದಲ್ಲಿ ಕುಲುಕಾಡ್ಕೊಂಡು ಬರೋ ಹಡಗಲ್ಲಿ ಗಾಜು! ಅದನ್ನೂ ಯಾರೋ ಬುಟ್ಟೀಲಿ ಹುಲ್ಲು ಹಾಕಿಯೋ ಬಟ್ಟೆ ಸುತ್ತಿಯೋ ಕಟ್ಟಿರ್ತಾರಲ್ಲ.

ವಸ್ತು ಬರದಿದ್ರೂ ಆಕಾರ ಬಂದಿದೆ. ಮ್ಯೂಸಿಯಂ ಫೋಟೋಗಳಲ್ಲಿ ಕುಮ್‌ಕುಮ್ ಅಂತ ಒಂದು ಪಾತ್ರೆ ತೋರಿಸ್ದೆ, ಚಪ್ಪಟೆ ದುಂಡು ಹೊಟ್ಟೆ, ಉದ್ದಕ್ಕೆ ಸಪೂರಾಗ್ತಾ ಹೋಗೋ ಕತ್ತು, ತುದೀಲಿ ಒಂದು ಸಣ್ಣ ತೂತು, ಸುಗಂಧದ ನೀರು ಚಿಮುಕಿಸೋಕೆ, 12-13ನೇ ಶತಮಾನದ ಸಿರಿಯಾದ್ದು. ಅಮ್ಮ ಕನ್ನಡಕ ಸರಿ ಮಾಡ್ಕೊಂಡು "ಪನ್ನೀರುದಾನಿ" ಅಂದ್ರು. ಕೆಳಗೆ ಪಾದ ಒಂದು ಇಲ್ಲ ಅಷ್ಟೇ. ನಮ್ಮ ಮದುವೆ ಮನೆ ಬಾಗಿಲಲ್ಲಿ ಚಿಕ್ಕ ಹುಡುಗೀರು ಹಿಡ್ಕೊಂಡು ನಿಂತ್ಕೊಳ್ತಾರಲ್ಲ, ಅದೇ. ಸೀಸೆ ಅನ್ನೋ ಪದಾನೂ ಪರ್ಷಿಯನ್ನಿನ ಶೀಶಾದಿಂದಾನೇ ಬಂದಿದ್ದು.

ಒಡೆದಿದ್ದರ ಕತೆ ಹೇಳದೆ ಮುಗಿಸಿದ್ರೆ ಸುಳ್ಳಾಗುತ್ತೆ, ಯಾಕಂದ್ರೆ ಮಾಡಿದ ಗಾಜಲ್ಲಿ ಬಹುಪಾಲು ಒಡೆದೇ ಹೋಗಿದೆ. ಟರ್ಕಿಯ ದಕ್ಷಿಣ ಕರಾವಳೀಲಿ ಸೆರ್ಚೆ ಲಿಮಾನಿ ಅನ್ನೋ ಕಡೆ 1025ರ ಸುಮಾರಿಗೆ ಒಂದು ಹಡಗು ಮುಳುಗಿತ್ತು, 1977ರಿಂದ 79ರವರೆಗೆ ಜಾರ್ಜ್ ಬ್ಯಾಸ್ ಮತ್ತವರ ತಂಡ ನೀರಿನೊಳಗೆ ಅಗೆದ್ರು. ಹಡಗಲ್ಲಿದ್ದಿದ್ದು ಮೂರು ಟನ್ ಗಾಜು, ಎರಡು ಟನ್ನಿನಷ್ಟು ಕಚ್ಚಾ ಗಾಜಿನ ಗಟ್ಟಿ, ಒಂದು ಟನ್ನಿನಷ್ಟು ಒಡೆದ ಚೂರು. ಅಪಘಾತದಲ್ಲಿ ಒಡೆದಿದ್ದಲ್ಲ, ಗುಜರಿ ಮಾಲು ಅಂತಾನೇ ತುಂಬಿಸ್ಕೊಂಡು ಹೊರಟಿದ್ದು! ಹಳೇ ಗಾಜು ಹಾಕಿದ್ರೆ ಕುಲುಮೇಲಿ ಬೇಗ ಕರಗುತ್ತೆ, ಸೌದೆ ಉಳಿಯುತ್ತೆ, ಅದಕ್ಕೇ ಒಡೆದಿದ್ದಕ್ಕೂ ಬೆಲೆ. 1277ರಲ್ಲಿ ಈಗಿನ ಲೆಬನಾನಿನ ಟ್ರಿಪೋಲಿಯ ಬೋಹೆಮಂಡ್ ದೊರೆಗೂ ವೆನಿಸ್ಸಿಗೂ ಆದ ಒಪ್ಪಂದದಲ್ಲಿ ಒಡೆದ ಗಾಜು ಒಯ್ಯೋಕೆ ಸುಂಕದ ಮಾತೇ ಇದೆ. ಸೆರ್ಚೆ ಲಿಮಾನಿಯ ಚೂರುಗಳು ಐದು ಲಕ್ಷಕ್ಕೂ ಮೇಲೆ. ಅವನ್ನ ಟರ್ಕಿಯ ಬೋದ್ರುಮ್ ಅನ್ನೋ ಊರಿನ ಕೋಟೇಲಿ ಮೇಜಿನ ಮೇಲೆ ಹರಡ್ಕೊಂಡು ಅಂಚಿಗೆ ಅಂಚು ಹೊಂದಿಸಿ ಹೊಂದಿಸಿ ನೂರಾರು ಪಾತ್ರೆ ಎದ್ದು ನಿಲ್ಲೋ ಹಾಗೆ ಮಾಡಿದಾರೆ, ವರ್ಷಗಟ್ಟಲೆ ಹಿಡೀತು. ನಮ್ಮನೇಲಿ ಒಂದು ಸಾವಿರ ಪೀಸಿನ ಜಿಗ್ಸಾ ಎರಡು ವರ್ಷದಿಂದ ಮಂಚದ ಕೆಳಗಿದೆ.

ದೊಡ್ಡ ಹೊಡೆತ ಬಿದ್ದಿದ್ದು ಕೆಲಸಗಾರರ ಮೇಲೆ. ತೈಮೂರ 1400ರಲ್ಲಿ ಅಲೆಪ್ಪೋ, 1401ರಲ್ಲಿ ಡಮಾಸ್ಕಸ್ ಲೂಟಿ ಮಾಡಿ ಕುಶಲಕರ್ಮಿಗಳನ್ನ ಸಮರ್ಕಂದಕ್ಕೆ ಹಿಡ್ಕೊಂಡು ಹೋದ. ಅದೊಂದೇ ಕಾರಣ ಅಂತ ನಾನು ಒಪ್ಪಲ್ಲ, ಪ್ಲೇಗು, ದುಡ್ಡಿನ ಮುಗ್ಗಟ್ಟು ಎಲ್ಲಾ ಅದಕ್ಕೂ ಮೊದಲಿಂದ ಇತ್ತು. ಅಷ್ಟ್ರಲ್ಲಿ ವೆನಿಸ್ಸಿನವರು ಕಲಿತಿದ್ರು. 1569ರಲ್ಲಿ ಇಸ್ತಾಂಬುಲ್ಲಿನ ಪ್ರಧಾನ ವಜೀರ ಸೊಕೊಲ್ಲು ಮೆಹಮದ್ ಪಾಷಾ ಮಸೀದಿ ದೀಪ ಬೇಕು ಅಂತ ವೆನಿಸ್ಸಿಗೆ ಆರ್ಡರ್ ಕೊಟ್ಟ, ಒಂಬೈನೂರು ದೀಪ. ತವರುಮನೆಯ ಅಡುಗೆಯನ್ನ ಪಕ್ಕದ ಬೀದಿ ಹೋಟ್ಲಿಂದ ತರಿಸ್ಕೊಂಡ ಹಾಗಾಯ್ತು.

ಮತ್ತೆ 2020ರ ಆಗಸ್ಟ್ 4, ಬೈರೂತ್ ಬಂದರಿನ ಸ್ಫೋಟ. ಅಲ್ಲಿಂದ ಮೂರು ಕಿಲೋಮೀಟರ್ ದೂರದಲ್ಲಿರೋ ಅಮೆರಿಕನ್ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಲ್ಲಿ ಒಂದು ಗಾಜಿನ ಬೀರು ಮಗುಚಿ ಬಿತ್ತು. ಒಳಗೆ ರೋಮನ್, ಬೈಜಾಂಟೈನ್, ಇಸ್ಲಾಮಿಕ್ ಕಾಲದ 74 ಪಾತ್ರೆ, ಅದ್ರಲ್ಲಿ 72 ಪುಡಿ. ಕಿಟಕಿ ಗಾಜು, ಬೀರು ಗಾಜು, ಸಾವಿರ ವರ್ಷದ ಹಿಂದಿನ ಗಾಜು ಎಲ್ಲಾ ಒಂದೇ ರಾಶಿ. ಅದರಲ್ಲಿ ಯಾವ್ದು ಹಳೇದು ಯಾವ್ದು ಹೊಸದು ಅಂತ ಒಂದೊಂದೇ ಚೂರು ಕೈಲಿ ಹಿಡಿದು ಬೇರೆ ಮಾಡಿದ್ರು. ಎಂಟು ಪಾತ್ರೆ ಇಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದ್ವು, ಜೋಡಿಸಿ 2022ರಲ್ಲಿ ಪ್ರದರ್ಶನಕ್ಕಿಟ್ರು, ಆಮೇಲೆ ವಾಪಸ್ ಲೆಬನಾನಿಗೆ. ನಾನು ಆಗ ನೋಡೋಕೆ ಹೋಗಿದ್ದೆ. ಬಿರುಕು ಬೇಕಂತ ಕಾಣೋ ಹಾಗೇ ಬಿಟ್ಟಿದ್ರು, ಕೆಲವು ಕಡೆ ಚೂರು ಸಿಗದೆ ತೂತು ಹಾಗೇ ಇತ್ತು. ಪಕ್ಕದಲ್ಲಿ ನಿಂತಿದ್ದ ಒಬ್ರು ವಯಸ್ಸಾದವರು ಅಷ್ಟು ಹೊತ್ತೂ ಬ್ಯಾಗನ್ನ ಎದೆಗೆ ಅವುಚಿ ಹಿಡ್ಕೊಂಡಿದ್ರು, ಎಲ್ಲಿ ತಾಗಿಬಿಡುತ್ತೋ ಅಂತ.

ಅಮ್ಮ ಹೊರಡೋ ಹಿಂದಿನ ರಾತ್ರಿ ಪ್ಯಾಕಿಂಗ್ ನಡೀತಿತ್ತು. ಉಪ್ಪಿನಕಾಯಿ ಅಷ್ಟ್ರಲ್ಲಿ ಖಾಲಿ (ನಾನೊಬ್ಳೇ ತಿಂದಿದ್ದಲ್ಲ). ನೋಡ್ತೀನಿ, ಬಾಟ್ಲಿ ತೊಳೆದು ಒರೆಸಿ ಮತ್ತೆ ಅದೇ ಟವೆಲ್ಲಲ್ಲಿ ಸುತ್ತಿ, ಅದರ ಮೇಲೆ ಅದೇ ಸೀರೆ ಸುತ್ತಿ, ಮಡಿಕೆ ಒಳಗೆ ಸೇರಿಸಿ ಗಂಟು ಹಾಕ್ತಿದ್ರು. ಖಾಲಿ ಬಾಟ್ಲಿ ಯಾಕಮ್ಮ ಹೊತ್ಕೊಂಡು ಹೋಗ್ತೀಯ, ತೂಕ ಬೇರೆ ಇದೆ, ಇಲ್ಲೇ ಬಿಡು ಅಂದೆ.

"ಈಗೆಲ್ಲಾ ಪ್ಲಾಸ್ಟಿಕ್ಕಲ್ಲಿ ಬರುತ್ತೆ, ಗಾಜಿಂದು ಎಲ್ಲಿ ಸಿಗುತ್ತೆ" ಅಂತ ಸೂಟ್‌ಕೇಸಿನ ನಟ್ಟನಡುವೆ, ನಾಲ್ಕೂ ಕಡೆ ಬಟ್ಟೆ ಬರೋ ಹಾಗೆ ಇಟ್ಟು, ಒಂದ್ಸಲ ಒತ್ತಿ ನೋಡಿ ಜಿಪ್ ಹಾಕಿದ್ರು.